ಜೈಲಿಗೂ ಮುಟ್ಟುವ ಹಾಡು

ಪ್ರಶ್ನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳು ತಮ್ಮದೇ ರೇಡಿಯೋ ನಡೆಸುತ್ತಾರಂತೆ. ಎಲ್ಲರ ಕೈಯಲ್ಲೂ ಫೋನ್ ಇರುವ ಕಾಲದಲ್ಲಿ ಅದರಿಂದ ಅವರಿಗೆ ಯಾವ ಬಲ ಬಂದೀತು?
— ಓದುಗರೊಬ್ಬರು, ಸಾಗರ

ಉತ್ತರ: ಈ ಕಥೆ ಎಲ್ಲರ ಕೈಗೂ ಫೋನ್ ಬರುವುದಕ್ಕಿಂತ ಹಳೆಯದು. ಆಸ್ಟ್ರೇಲಿಯಾದ ನಟ್ಟನಡುವೆ, ಒಣ ಸೀಮೆಯಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿದೆ. ಫ್ರೀಡಾ ಗ್ಲಿನ್, ಜಾನ್ ಮಕುಂಬಾ, ಫಿಲಿಪ್ ಬ್ಯಾಟಿ ಸೇರಿ 1980ರಲ್ಲಿ ಅಲ್ಲಿ 'ಕಾಮಾ' ಎಂಬ ಮೂಲನಿವಾಸಿ ಮಾಧ್ಯಮ ಸಂಸ್ಥೆ ಕಟ್ಟಿದರು. ಮೊದಮೊದಲು ಬೇರೆಯವರ ಕೇಂದ್ರಗಳಲ್ಲಿ ಒಂದಿಷ್ಟು ಹೊತ್ತು ಕೇಳಿ ಪಡೆದು ಕಾರ್ಯಕ್ರಮ ಮಾಡುತ್ತಿದ್ದರು. ಸ್ವಂತ ಎಫ್‌ಎಂ ಕೇಂದ್ರ '8ಕಿನ್' ಶುರುವಾದದ್ದು 1985ರಲ್ಲಿ. ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತೊಯ್ದು, ಮನೆಮಾತನ್ನು ಆಡಗೊಡದೆ ಬೆಳೆಸಿದ ದೇಶವದು. ಅಲ್ಲಿ ಅರಂಡಾ, ವಾರ್ಲ್‌ಪಿರಿ, ಲುರಿಚಾ ಮಾತುಗಳು ರೇಡಿಯೋದಲ್ಲಿ ಕೇಳತೊಡಗಿದವು.

ಆದರೆ ಭಾಷೆ ಕೇಳಿಬಂತು ಎಂದಷ್ಟೇ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಾದೀತು. ಕಾಮಾದಲ್ಲಿ 'ಗ್ರೀನ್ ಬುಷ್' ಎಂಬ ಕಾರ್ಯಕ್ರಮವಿತ್ತು: ಜೈಲಿನಲ್ಲಿರುವವರಿಗಾಗಿ ಅವರ ಮನೆಯವರು ಹಾಡು ಕೇಳಿಸುವ ಕಾರ್ಯಕ್ರಮ. ಜೈಲುಗಳಲ್ಲಿ ಮೂಲನಿವಾಸಿಗಳೇ ಕಿಕ್ಕಿರಿದಿರುವ ಸೀಮೆ. ಮನೆಗೂ ಜೈಲಿಗೂ ನೂರಾರು ಕಿಲೋಮೀಟರ್. ಹೆಂಡತಿಯೋ ತಾಯಿಯೋ ಕಳಿಸಿದ ಒಂದು ಹಾಡು ಆ ಗೋಡೆ ದಾಟುತ್ತಿತ್ತು. ಅಲ್ಲಿ ಹಾಡು ಹಾಕುತ್ತಿದ್ದವರಲ್ಲಿ ಫ್ರೀಡಾ ಅವರ ಮಗ ವಾರ್ವಿಕ್ ಥಾರ್ನ್‌ಟನ್ ಒಬ್ಬರು. ಆ ಅನುಭವವನ್ನೇ ಅವರು 2005ರಲ್ಲಿ ಅದೇ ಹೆಸರಿನ ಕಿರುಚಿತ್ರವಾಗಿಸಿದರು. 2009ರಲ್ಲಿ ತಮ್ಮ 'ಸ್ಯಾಮ್ಸನ್ ಅಂಡ್ ಡಿಲೈಲಾ' ಚಿತ್ರಕ್ಕೆ ಕಾನ್ ಚಿತ್ರೋತ್ಸವದ 'ಕ್ಯಾಮೆರಾ ಡೋರ್' ಪ್ರಶಸ್ತಿಯನ್ನೂ ಪಡೆದರು. ರೇಡಿಯೋ ಬಿತ್ತಿದ್ದು ಸಿನಿಮಾದಲ್ಲೂ ಫಲ ಕೊಟ್ಟಿತೆನ್ನಿ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ತೀರಿಕೊಂಡವರ ಹೆಸರು ಹೇಳುವುದು, ದನಿ ಕೇಳಿಸುವುದು ಅಲ್ಲಿನ ಅನೇಕ ಸಮುದಾಯಗಳಲ್ಲಿ ನಿಷಿದ್ಧ. ಎಂಥ ಜನಪ್ರಿಯ ಹಾಡುಗಾರ ಸತ್ತರೂ ಮನೆಯವರು ಒಪ್ಪುವ ತನಕ ಮೂಲನಿವಾಸಿ ಕೇಂದ್ರಗಳು ಆತನ ಹಾಡನ್ನು ಹಾಕುವುದಿಲ್ಲ. ಬೇರೆ ಕೇಂದ್ರಗಳು ಸಾಮಾನ್ಯವಾಗಿ ಅದೇ ದಿನ ಅವನ ಹಾಡುಗಳ ಮಾಲೆಯನ್ನೇ ಹಾಕುತ್ತವೆ. ಯಾವಾಗ ಮಾತಾಡಬೇಕು ಎಂಬುದರ ಜೊತೆಗೆ ಯಾವಾಗ ಸುಮ್ಮನಿರಬೇಕು ಎಂಬುದನ್ನೂ ತಾವೇ ನಿರ್ಧರಿಸುವುದು ಮೈಕು ತಮ್ಮ ಕೈಯಲ್ಲಿದ್ದರೆ ಮಾತ್ರ ಸಾಧ್ಯ. ಫೋನಿನಲ್ಲಿ ಹರಿದಾಡುವ ವಿಡಿಯೋಗೆ ಈ ಕಟ್ಟುಪಾಡು ಯಾರು ಹಾಕುತ್ತಾರೆ?

ಹಾಗೆಂದು ಇದೇನೂ ಸ್ವರಾಜ್ಯವಲ್ಲ. ಜನವಿರಳ ಸೀಮೆಯಲ್ಲಿ ಜಾಹೀರಾತಿನ ಹಣದಿಂದ ರೇಡಿಯೋ ನಡೆಯುವುದಿಲ್ಲ. ಇಂಥ ಕೇಂದ್ರಗಳು ಹೆಚ್ಚಾಗಿ ನಿಂತಿರುವುದು ಸರ್ಕಾರದ ಅನುದಾನದ ಮೇಲೆ. ಯಾರನ್ನು ಪ್ರಶ್ನಿಸಬೇಕೋ ಅವರಿಂದಲೇ ಕಾಸು ಪಡೆಯುವ ಇಕ್ಕಟ್ಟು ಅವಕ್ಕೆ ಇಂದಿಗೂ ತಪ್ಪಿಲ್ಲ.