ಹಿಂಗಾರು ಮಳೆ, ಚಳಿಯ ಆರಂಭ ಹಾಗೂ ಹವಾಮಾನ ಮುನ್ಸೂಚನೆಯನ್ನು ಓದುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹವಾಮಾನ ಮುನ್ಸೂಚನೆಯನ್ನು ಅರ್ಥೈಸಿಕೊಂಡು, ಕಟಾವಿನ ಹಂತದಲ್ಲಿರುವ ಬೆಳೆಯ ರಕ್ಷಣೆಗೆ ಪಂಚಾಯಿತಿಯು ಸಕಾಲದಲ್ಲಿ ಕ್ರಮ ವಹಿಸುವಂತೆ ಸದಸ್ಯರನ್ನು ಸಜ್ಜುಗೊಳಿಸುವುದು.

1. ಹಿಂಗಾರು ಮಳೆಯ ಸ್ವರೂಪ

ಅಕ್ಟೋಬರ್ ಮಧ್ಯಭಾಗದ ಹೊತ್ತಿಗೆ ನೈಋತ್ಯ ಮಾರುತ ಹಿಂದೆ ಸರಿದು, ಗಾಳಿಯು ಈಶಾನ್ಯ ದಿಕ್ಕಿನಿಂದ ಬೀಸತೊಡಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಉಂಟಾಗುವ ವಾಯುಭಾರ ಕುಸಿತವೇ ಸ್ವಾತಿ, ವಿಶಾಖ, ಅನುರಾಧ ಮಳೆಗಳಿಗೆ ಬಹುಮಟ್ಟಿಗೆ ಕಾರಣ. ಕೊಲ್ಲಿಯಲ್ಲಿ ಎದ್ದ ಮಾರುತದ ಪರಿಣಾಮ ನಮ್ಮ ಒಳನಾಡಿಗೂ ತಲುಪುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವು ದುರ್ಬಲಗೊಂಡ ಬಳಿಕವೂ ಪಶ್ಚಿಮಾಭಿಮುಖವಾಗಿ ಸಾಗಿ, ಡಿಸೆಂಬರ್ ಮೊದಲ ದಿನಗಳಲ್ಲಿ ರಾಜ್ಯದ ದಕ್ಷಿಣ ಒಳನಾಡು ಹಾಗೂ ಕರಾವಳಿಯಲ್ಲಿ ಮಳೆ ಸುರಿಸಿತು.

ಒಂದೇ ಮಳೆ ಒಂದು ಕಡೆ ವರವೂ ಮತ್ತೊಂದು ಕಡೆ ಹಾನಿಯೂ ಆಗಬಹುದು. ವಿಜಯಪುರ, ಕಲಬುರಗಿ ಭಾಗದ ಎರೆಭೂಮಿಯಲ್ಲಿ ಬಿತ್ತಿದ ಹಿಂಗಾರಿ ಜೋಳ ಹಾಗೂ ಕಡಲೆಗೆ ಈ ಅವಧಿಯ ಹದವಾದ ಮಳೆ ಜೀವಾಳ. ಅದೇ ಮಳೆ ಕೋಲಾರ, ತುಮಕೂರು ಭಾಗದಲ್ಲಿ ಕೊಯ್ದು ಹಾಕಿದ ರಾಗಿಗೆ ಕಂಟಕ.

2. ಚಳಿ ಮತ್ತು ಒಣಗುವಿಕೆ

ನವೆಂಬರ್‌ನಲ್ಲಿ ಹಗಲು ಕಿರಿದಾಗಿ, ಬಿಸಿಲಿನ ಬಲ ಕುಗ್ಗುತ್ತದೆ. ಆಕಾಶ ಶುಭ್ರವಿದ್ದ ರಾತ್ರಿ ನೆಲದ ಶಾಖ ಬೇಗನೆ ಹೊರಹೋಗಿ, ಬೆಳಗಿನ ಜಾವ ಇಬ್ಬನಿ, ಮಂಜು ಕವಿಯುತ್ತದೆ. ಮೋಡ ಕವಿದಾಗ ರಾತ್ರಿಯ ಚಳಿ ಕಡಿಮೆಯಾದರೂ ಹಗಲಿನ ಉಷ್ಣಾಂಶ ಇಳಿಯುತ್ತದೆ. ಎರಡೂ ಸಂದರ್ಭದಲ್ಲಿ ನೆನೆದ ತೆನೆ ಒಣಗುವುದು ತಡವಾಗುತ್ತದೆ. ಆದ್ದರಿಂದ ಮುನ್ಸೂಚನೆಯಲ್ಲಿ ಮಳೆಯ ಪ್ರಮಾಣದೊಂದಿಗೆ ಮುಂದಿನ ದಿನಗಳ ಮೋಡ ಹಾಗೂ ಉಷ್ಣಾಂಶವನ್ನೂ ಓದತಕ್ಕದ್ದು.

3. ಮುನ್ಸೂಚನೆಯ ಪದಗಳು

ಭಾರತ ಹವಾಮಾನ ಇಲಾಖೆಯ ವರ್ಗೀಕರಣದಂತೆ 24 ಗಂಟೆಗಳಲ್ಲಿ 15.6ರಿಂದ 64.4 ಮಿ.ಮೀ. ಮಳೆ "ಸಾಧಾರಣ", 64.5ರಿಂದ 115.5 ಮಿ.ಮೀ. "ಭಾರಿ"; 115.6ರಿಂದ 204.4 ಮಿ.ಮೀ. "ಅತಿ ಭಾರಿ". ಬಣ್ಣಗಳ ಪೈಕಿ ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನಿಸುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕ್ರಮ ಕೈಗೊಳ್ಳಿ.

4. ಬಣ್ಣ ತಿಳಿಸದ ಅಪಾಯ

ಈ ಪಾಠದ ಮುಖ್ಯ ಅಂಶ ಇದು. ಒಂದು ಗ್ರಾಮದಲ್ಲಿ ದಿನಕ್ಕೆ 30 ಮಿ.ಮೀ.ನಂತೆ ಮೂರು ದಿನ ಮಳೆಯಾಯಿತೆಂದು ಭಾವಿಸೋಣ. ವರ್ಗೀಕರಣದಂತೆ ಅದು ಸಾಧಾರಣ ಮಳೆ. ಭಾರಿ ಮಳೆಯ ಎಚ್ಚರಿಕೆಯೇ ಇಲ್ಲದಿರಬಹುದು. ಆದರೆ ಅರಿ ಹಾಕಿದ ರಾಗಿ ಆ ಮೂರು ದಿನ ನೆನೆದು, ಬಳಿಕ ಬಿಸಿಲು ಕಾಣದಿದ್ದರೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಹುಲ್ಲು ಕಪ್ಪಾಗಿ ಜಾನುವಾರುಗಳ ಮೇವೂ ಕೆಡುತ್ತದೆ. 2021ರ ನವೆಂಬರ್‌ನಲ್ಲಿ ದಿನಗಟ್ಟಲೆ ಹಿಡಿದ ಮಳೆಯಿಂದ ದಕ್ಷಿಣ ಒಳನಾಡಿನ ರಾಗಿ ಬೆಳೆಗಾರರು ಅನುಭವಿಸಿದ ನಷ್ಟ ಹಲವು ಸದಸ್ಯರ ನೆನಪಿನಲ್ಲಿರಬಹುದು. ಎಚ್ಚರಿಕೆಯ ಬಣ್ಣ ನಿರ್ಧಾರವಾಗುವಾಗ ಯಾರ ಹೊಲದಲ್ಲಿ ಯಾವ ಬೆಳೆ ಯಾವ ಹಂತದಲ್ಲಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಬಲ್ಲವರು ಆಯಾ ವಾರ್ಡಿನ ಸದಸ್ಯರು. ಮುನ್ಸೂಚನೆಯನ್ನು ಬೆಳೆಯ ಹಂತದೊಂದಿಗೆ ಹೊಂದಿಸಿ ಓದುವ ಹೊಣೆ ಅವರದೇ.

5. ವಿಮೆ: 14 ದಿನ, 72 ಗಂಟೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ, ಕೊಯ್ದು ಒಣಗಲು ಹೊಲದಲ್ಲೇ ಬಿಟ್ಟ ಅಧಿಸೂಚಿತ ಬೆಳೆಯು ಕಟಾವಾದ 14 ದಿನಗಳೊಳಗೆ ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಯಿಂದ ಹಾಳಾದಲ್ಲಿ, ವಿಮೆ ಮಾಡಿಸಿದ ರೈತರ ಜಮೀನುವಾರು ಪರಿಶೀಲನೆಗೆ ಅವಕಾಶವಿದೆ. ಇದಕ್ಕಾಗಿ ಹಾನಿಯಾದ 72 ಗಂಟೆಗಳೊಳಗೆ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ಮಾಹಿತಿ ನೀಡಬೇಕು. ಮಳೆ ನಿಂತ ಮೇಲೆ ನೋಡೋಣವೆಂದು ಕಾಯುವ ರೈತರು ಬೆಳೆಯೊಂದಿಗೆ ಪರಿಹಾರದ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಅಕ್ಷರ ಬಾರದವರು, ಒಂಟಿ ಮಹಿಳೆಯರು ಹಾಗೂ ವೃದ್ಧರ ಮನೆಗಳಿಗೆ ಈ ಮಾಹಿತಿ ಮೊದಲು ತಲುಪುವಂತೆ ಸದಸ್ಯರು ನೋಡಿಕೊಳ್ಳತಕ್ಕದ್ದು.

6. ಪಂಚಾಯಿತಿಯು ಕೈಗೊಳ್ಳಬೇಕಾದ ಕ್ರಮಗಳು

ಅ) 2024ರ ಅಕ್ಟೋಬರ್‌ನಿಂದ ಗ್ರಾಮ ಪಂಚಾಯಿತಿ ಮಟ್ಟದ ಐದು ದಿನಗಳ ಮುನ್ಸೂಚನೆಯು ಇ-ಗ್ರಾಮಸ್ವರಾಜ್ ಪೋರ್ಟಲ್ ಹಾಗೂ ಮೇರಿ ಪಂಚಾಯತ್ ಆ್ಯಪ್‌ನಲ್ಲಿ ಲಭ್ಯವಿದೆ. ಅದನ್ನು ಪ್ರತಿದಿನ ಬೆಳಗ್ಗೆ ಓದಿ ಕಚೇರಿಯ ಸೂಚನಾ ಫಲಕದಲ್ಲಿ ಬರೆಯಿಸುವುದು.

ಆ) ಮಳೆಯ ಸಂಭವವಿದ್ದಲ್ಲಿ ಡಂಗೂರ ಹಾಗೂ ಕಸ ಸಂಗ್ರಹಿಸುವ ವಾಹನದ ಧ್ವನಿವರ್ಧಕದ ಮೂಲಕ, ಕಟಾವು ಮುಂದೂಡುವಂತೆಯೂ, ಒಣಗಿದ ಬೆಳೆಯನ್ನು ಕಂತೆ ಕಟ್ಟಿ ಎತ್ತರದ ಜಾಗದಲ್ಲಿ ಮೆದೆ ಹಾಕಿ ಹೊದಿಸುವಂತೆಯೂ ತಿಳಿಸುವುದು.

ಇ) ಟಾರ್ಪಾಲಿನ್ ಅಗತ್ಯವಿರುವ ರೈತರ ಪಟ್ಟಿಯನ್ನು ಹಂಗಾಮಿಗೆ ಮುನ್ನವೇ ರೈತ ಸಂಪರ್ಕ ಕೇಂದ್ರಕ್ಕೆ ಸಲ್ಲಿಸುವುದು.

ಈ) ಸಾಮೂಹಿಕ ಒಕ್ಕಣೆ ಕಣದ ಬೇಡಿಕೆಯನ್ನು ಗ್ರಾಮ ಸಭೆಯಲ್ಲಿ ಮಂಡಿಸಿ ಕ್ರಿಯಾಯೋಜನೆಗೆ ಸೇರಿಸುವುದು. ಕಣವಿಲ್ಲದ ಊರಿನಲ್ಲಿ ಒಕ್ಕಣೆ ಡಾಂಬರು ರಸ್ತೆಗೆ ಬರುತ್ತದೆ. ಮಳೆಯಲ್ಲಿ ಕಾಳೂ ಹಾಳು, ಸವಾರರಿಗೂ ಅಪಾಯ.

ಉ) ಪಂಚಾಯಿತಿಯ ಮಳೆಮಾಪನ ಯಂತ್ರದ ಸುತ್ತ ಗಿಡಗಂಟಿ ಬೆಳೆಯದಂತೆ, ಯಾರೂ ಮುಟ್ಟದಂತೆ ಕಾಯುವುದು. ಯಂತ್ರ ತಪ್ಪು ತೋರಿಸಿದರೆ ಬಿದ್ದ ಮಳೆಗೆ ಸರಿಯಾದ ದಾಖಲೆ ಉಳಿಯುವುದಿಲ್ಲ.

7. ಸಭೆಯಲ್ಲಿ ಚರ್ಚೆಗೆ

• ತಮ್ಮ ವಾರ್ಡಿನಲ್ಲಿ ಈ ವಾರ ಕೊಯ್ದು ಹೊಲದಲ್ಲೇ ಇರುವ ಬೆಳೆ ಎಷ್ಟು ಕುಟುಂಬಗಳದ್ದು?
• ಆ ಕುಟುಂಬಗಳ ಪೈಕಿ ವಿಮೆ ಮಾಡಿಸಿದವರು ಯಾರು? 72 ಗಂಟೆಯ ಅವಧಿ ಅವರಿಗೆ ತಿಳಿದಿದೆಯೇ?
• ರಾತ್ರಿ ಮಳೆಯ ಸೂಚನೆ ಬಂದರೆ ಕೊನೆಯ ಮನೆಗೆ ಸುದ್ದಿ ಮುಟ್ಟಿಸುವವರು ಯಾರು?

ಈ ಮೂರು ಪ್ರಶ್ನೆಗಳ ಉತ್ತರವನ್ನು ಹೆಸರು ಸಹಿತ ನಡವಳಿ ಪುಸ್ತಕದಲ್ಲಿ ದಾಖಲಿಸಿದಲ್ಲಿ ಪಾಠದ ಉದ್ದೇಶ ಈಡೇರಿದಂತಾಗುತ್ತದೆ.