ವಿಂಡೋಸಿನಿಂದ ಲಿನಕ್ಸಿಗೆ

2025ನೆಯ ಇಸವಿಯ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ತಾನು ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳದ ಯಂತ್ರಗಳಿಗೆ ಭದ್ರತೆಯ ತಿದ್ದುಪಡಿಗಳು ಬರುವುದು ಅಂದಿಗೆ ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11 ಎಲ್ಲ ಯಂತ್ರಗಳ ಮೇಲೂ ನಡೆಯತಕ್ಕದ್ದಲ್ಲ, ಟಿಪಿಎಂ 2.0 ಎಂಬ ರಕ್ಷಣಾ ಸಾಧನವೂ, ಸುಮಾರು 2017ರ ಕೊನೆಯಿಂದ ಈಚೆಗೆ ಬಂದ ಪ್ರೊಸೆಸರೂ ಅದಕ್ಕೆ ಬೇಕು. ಅಣ್ಣ ಓದಿ ಮುಗಿಸಿ ತಂಗಿಗೆ ಬಿಟ್ಟುಕೊಟ್ಟ ಎಷ್ಟೋ ಲ್ಯಾಪ್‌ಟಾಪುಗಳು, ಪರದೆ ಕೀಲಿಮಣೆಗಳೆಲ್ಲ ನೆಟ್ಟಗಿದ್ದರೂ, ಈ ಕಾರಣದಿಂದ ಮೂಲೆಗೆ ಸೇರುವ ಸ್ಥಿತಿಯಲ್ಲಿವೆ. ಅಂಥವುಗಳನ್ನು ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಲು ಲಿನಕ್ಸ್ ಒಂದು ಒಳ್ಳೆಯ ಮಾರ್ಗ.

ಲಿನಕ್ಸ್ ಎಂದರೇನು? ಯಾವ ಪ್ರೋಗ್ರಾಮಿಗೆ ಎಷ್ಟು ಸ್ಮೃತಿ ಸಲ್ಲಬೇಕು, ಯಾವುದು ಎಷ್ಟು ಹೊತ್ತು ಪ್ರೊಸೆಸರನ್ನು ಬಳಸಬೇಕು, ಡಿಸ್ಕಿನಲ್ಲಿ ಯಾವುದನ್ನು ಎಲ್ಲಿ ಬರೆಯಬೇಕು ಎಂಬುದನ್ನು ನಿರ್ಣಯಿಸುವ ಭಾಗಕ್ಕೆ ಕರ್ನೆಲ್, ಎಂದರೆ ತಿರುಳು, ಎಂದು ಹೆಸರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ಬರೆದು ಪ್ರಕಟಿಸಿದ್ದು ಈ ತಿರುಳನ್ನು ಮಾತ್ರ. ಅದರ ಸುತ್ತ ಬೇಕಾದ ಎಷ್ಟೋ ಉಪಕರಣಗಳನ್ನು, ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯವರು ಆಗಲೇ ಸಿದ್ಧಪಡಿಸಿದ್ದರು. 1992ರಲ್ಲಿ ಟೋರ್ವಾಲ್ಡ್ಸ್ ತಮ್ಮ ತಿರುಳನ್ನೂ ಗ್ನೂ ಲೈಸೆನ್ಸಿಗೆ ಒಳಪಡಿಸಿದರು: ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು, ತಿದ್ದಿ ಹಂಚುವವನು ತಿದ್ದಿದ ಮೂಲವನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಇದು ಅಪರೂಪದ ವಸ್ತುವೆಂದು ವಾಚಕರು ಭಾವಿಸಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನೊಳಗೆ ಇರುವುದೂ ಇದೇ ತಿರುಳು.

ತಿರುಳಿನೊಡನೆ ಪರದೆಯ ಸಜ್ಜು, ಬ್ರೌಸರ್, ಲಿಬ್ರೆಆಫೀಸ್ ಮುಂತಾದವನ್ನು ಸೇರಿಸಿ ಕಟ್ಟಿದ ಸಮುಚ್ಚಯವನ್ನು ವಿತರಣೆ ಎನ್ನುತ್ತಾರೆ. ಡೆಬಿಯನ್ 1993ರಲ್ಲಿಯೂ, ಅದನ್ನಾಧರಿಸಿದ ಉಬುಂಟು 2004ರಲ್ಲಿಯೂ, ಉಬುಂಟುವನ್ನಾಧರಿಸಿದ ಲಿನಕ್ಸ್ ಮಿಂಟ್ 2006ರಲ್ಲಿಯೂ ಹುಟ್ಟಿದವು. ಯಾವುದು ಶ್ರೇಷ್ಠವೆಂಬ ವಾದಕ್ಕೆ ಕೊನೆಯಿಲ್ಲ. ಹೊಸಬರು ಅದಕ್ಕೆ ಕಿವಿಗೊಡದಿರುವುದೇ ಲೇಸು. ವಿಂಡೋಸ್ ಬಳಸಿದ ಕೈಗೆ ಮಿಂಟ್ ಬೇಗ ಒಗ್ಗುತ್ತದೆ. 4 ಜಿಬಿ ಸ್ಮೃತಿಯ ಹಳೆಯ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು.

ಮಡಕೆ ಕೊಳ್ಳುವವನು ಬಡಿದು ನೋಡುವಂತೆ, ಲಿನಕ್ಸನ್ನು ಡಿಸ್ಕಿಗೆ ಸ್ಥಾಪಿಸುವ ಮೊದಲೇ ಪರೀಕ್ಷಿಸಬಹುದು. ವಿತರಣೆಯ ಐಎಸ್‌ಒ ಕಡತವನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು, ರೂಫಸ್‌ನಂತಹ ಸಾಧನದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆಯಬೇಕು. ಬರಿದೇ ನಕಲು ಮಾಡಿದರೆ ಯಂತ್ರ ಅದರಿಂದ ಏಳಲಾರದು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆಂಬುದೂ ನೆನಪಿರಲಿ. ಯಂತ್ರವನ್ನು ಹೊತ್ತಿಸುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿಯನ್ನು (ತಯಾರಕರಿಗೆ ತಕ್ಕಂತೆ ಇದು ಬೇರೆ ಬೇರೆ) ಒತ್ತಿ, ಪೆನ್‌ಡ್ರೈವನ್ನು ಆರಿಸಿದರೆ ಇಡೀ ವ್ಯವಸ್ಥೆ ಅದರಿಂದಲೇ ನಡೆಯುತ್ತದೆ. ವೈಫೈ ಸಿಕ್ಕಿತೆ, ಧ್ವನಿ ಬಂದಿತೆ, ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಂಡಿತೆ ಎಂದು ಒಂದೊಂದಾಗಿ ನೋಡಬೇಕು.

ಇನ್ನು ಸ್ಥಾಪನೆ. ಇಲ್ಲಿ ಅವಸರ ಕೂಡದು. ವಿಂಡೋಸಿನಲ್ಲಿ ನಾವು ಕಾಣುವ ಸಿ ಮತ್ತು ಡಿ ಡ್ರೈವ್‌ಗಳು ಅನೇಕ ಯಂತ್ರಗಳಲ್ಲಿ ಎರಡು ಡಿಸ್ಕುಗಳಲ್ಲ. ಒಂದೇ ಡಿಸ್ಕಿನ ಎರಡು ಭಾಗಗಳು. ‘ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬುದನ್ನು ಆರಿಸಿದರೆ, ‘ಫೋಟೋಗಳು ಡಿಯಲ್ಲಿ ಭದ್ರವಾಗಿವೆ’ ಎಂದು ನಂಬಿದವನ ಫೋಟೋಗಳೂ ಅಂಕಪಟ್ಟಿಗಳೂ ಸಿಯೊಡನೆಯೇ ಹೋಗುತ್ತವೆ. ಆದುದರಿಂದ ಬೇಕಾದುದೆಲ್ಲವನ್ನೂ ಮೊದಲು ಬೇರೊಂದು ಹೊರ ಡಿಸ್ಕಿಗೆ ನಕಲು ಮಾಡಿ, ಅಲ್ಲಿಂದ ತೆರೆದು ನೋಡತಕ್ಕದ್ದು. ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಳ್ಳುವವರು ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ವಿಂಡೋಸ್ ಬಾಗಿಲು ತೆರೆಯದಿರಬಹುದು. ಅದರ ಶೀಘ್ರಾರಂಭದ ಸೌಲಭ್ಯವನ್ನೂ ಆರಿಸಬೇಕು. ಅದಿದ್ದಾಗ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿರುವುದರಿಂದ, ಅದರ ಭಾಗವನ್ನು ಲಿನಕ್ಸ್ ಓದಬಲ್ಲುದೇ ಹೊರತು ಅಲ್ಲಿ ಬರೆಯಲಾರದು.

ಸ್ಥಾಪನೆಯಾದ ಮೇಲೆ ಮೊದಲು ತೊಡಕಾಗುವುದು ಕಡತಗಳ ವಿಳಾಸ. ಲಿನಕ್ಸಿನಲ್ಲಿ ಸಿ, ಡಿ ಎಂಬ ಬೇರೆ ಬೇರೆ ಮನೆಗಳಿಲ್ಲ. ಇರುವುದು ಒಂದೇ ಮರ. ಅದರ ಬೇರಿಗೆ ಒಂದು ಓರೆಗೆರೆ (/) ಗುರುತು. ಹೋಮ್ ಎಂಬ ಕೊಂಬೆಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಅವನದೇ ಕೋಶ ಉಂಟು. ಪೆನ್‌ಡ್ರೈವನ್ನು ಚುಚ್ಚಿದರೆ ಅದೂ ಮೀಡಿಯಾ ಎಂಬ ಕೊಂಬೆಯಲ್ಲಿ ಚಿಗುರಿದಂತೆ ಕಾಣಿಸಿಕೊಳ್ಳುತ್ತದೆ. ರೋಮನ್ ಲಿಪಿಯ ದೊಡ್ಡಕ್ಷರ, ಚಿಕ್ಕಕ್ಷರಗಳು ಇಲ್ಲಿ ಬೇರೆಯೆಂದೇ ಲೆಕ್ಕ. ಅಕ್ಷರದ ಗಾತ್ರವೊಂದೇ ಬದಲಾದರೂ ಎರಡು ಕಡತಗಳು ಪಕ್ಕಪಕ್ಕದಲ್ಲಿ ಇರಬಹುದು. ತನ್ನ ಕೋಶದ ಹೊರಗೆ ಬರೆಯಲು ಸಾಮಾನ್ಯ ಬಳಕೆದಾರನಿಗೆ ಅಧಿಕಾರವಿಲ್ಲ. ಅದಕ್ಕೆ ಸುಡೊ ಎಂಬ ಆಜ್ಞೆಯ ಮೂಲಕ ಗುಪ್ತಪದ ಕೊಟ್ಟು, ಆ ಕೆಲಸದ ಮಟ್ಟಿಗೆ ಯಜಮಾನಿಕೆಯನ್ನು ಪಡೆಯಬೇಕು. ಕೆಲವು ವಿತರಣೆಗಳಲ್ಲಿ ಗುಪ್ತಪದವನ್ನು ಒತ್ತುವಾಗ ಪರದೆಯ ಮೇಲೆ ಚುಕ್ಕೆಯೂ ಮೂಡದು. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗಬೇಕಾಗಿಲ್ಲ.

ಪ್ರೋಗ್ರಾಮುಗಳನ್ನು ಅಲ್ಲಿ ಇಲ್ಲಿ ಹುಡುಕಿ ಇಳಿಸಿಕೊಳ್ಳುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ವಿತರಣೆಯವರು ಪರಿಶೀಲಿಸಿ ಸಹಿಹಾಕಿದ ಉಗ್ರಾಣವೊಂದಿದೆ. ಬೇಕಾದುದನ್ನು ಅಲ್ಲಿಂದ ಪಡೆದರೆ, ಮುಂದಿನ ತಿದ್ದುಪಡಿಗಳೂ ಅಲ್ಲಿಂದಲೇ ಬರುತ್ತವೆ. ವಿಂಡೋಸಿನ ಇಎಕ್ಸ್‌ಇ ಕಡತಗಳು ಲಿನಕ್ಸಿನಲ್ಲಿ ನೇರವಾಗಿ ನಡೆಯವು. ವೈನ್ ಎಂಬ ಸಾಧನ ಕೆಲವನ್ನು ನಡೆಸೀತು, ಎಲ್ಲವನ್ನೂ ಅಲ್ಲ. ಆಟೊಕ್ಯಾಡ್ ಅಥವಾ ಫೋಟೋಶಾಪ್ ಇಲ್ಲದೆ ಆಗದ ವ್ಯಾಸಂಗದವರು ವಿಂಡೋಸನ್ನು ಪೂರ್ತಿ ಬಿಡದಿರುವುದೇ ವಿವೇಕ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತದೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಆ ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸಿರುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಇಂತಹ ಕಡತಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ಲಿನಕ್ಸಿನಲ್ಲಿ ಐಬಸ್ ಎಂಬ ಲೇಖನ ಸಾಧನವನ್ನೂ ಅದರ ಎಂ17ಎನ್ ಭಾಗವನ್ನೂ ಉಗ್ರಾಣದಿಂದ ಪಡೆದು, ಕನ್ನಡದ ಕೆಜಿಪಿ ವಿನ್ಯಾಸವನ್ನು ಆರಿಸಿಕೊಂಡರೆ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯಬೇಕಾದುದು ಹೆಚ್ಚೇನಿಲ್ಲ. ಒತ್ತಕ್ಷರಕ್ಕೆ ಅಲ್ಲಿಯೂ ಎಫ್ ಕೀಲಿಯೇ.