ಜನಸಂಖ್ಯೆಯ ಏರಿಕೆ ಮತ್ತು ಮಹಾನಗರಗಳು

ಹಳ್ಳಿಯಲ್ಲಿ ಹುಟ್ಟಿ ನಗರದಲ್ಲಿ ಬಾಳುವುದು ಆಧುನಿಕ ಯುಗದ ಪ್ರಧಾನ ಲಕ್ಷಣವಾಗಿದೆ. 1950ರಲ್ಲಿ ಜಗತ್ತಿನ ಶೇ. 30ರಷ್ಟು ಜನ ಮಾತ್ರ ನಗರವಾಸಿಗಳಾಗಿದ್ದರು. 2018ರ ವೇಳೆಗೆ ಈ ಪ್ರಮಾಣವು ಶೇ. 55ಕ್ಕೆ ಏರಿತು. ಒಂದು ಕೋಟಿಗೂ ಮಿಕ್ಕಿ ಜನರುಳ್ಳ ಮಹಾನಗರಗಳು ಮೊದಲು ಶ್ರೀಮಂತ ದೇಶಗಳಲ್ಲಿ ತಲೆಯೆತ್ತಿದವು. ಇಂದಾದರೋ ಢಾಕಾ, ಕರಾಚಿ, ಕೈರೋ, ಲಾಗೋಸ್, ಮುಂಬಯಿಗಳಂತೆ ಅವುಗಳಲ್ಲಿ ಹೆಚ್ಚಿನವು ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿಯೇ ಇವೆ.

ನಗರವು ಮೂರು ಬಗೆಯಿಂದ ಬೆಳೆಯುತ್ತದೆ: ಅಲ್ಲಿಯ ಜನನಗಳು ಮರಣಗಳನ್ನು ಮೀರುವುದರಿಂದ, ಹೊರಗಿನವರು ಬಂದು ನೆಲೆಸುವುದರಿಂದ ಮತ್ತು ಸುತ್ತಲಿನ ಹಳ್ಳಿಗಳು ಅದರ ಎಲ್ಲೆಯೊಳಗೆ ಸೇರುವುದರಿಂದ. 1951ರಲ್ಲಿ ಸುಮಾರು 8 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆಯು 2011ರಲ್ಲಿ ಸುಮಾರು 85 ಲಕ್ಷವಾಯಿತು. ಈ ಬೆಳವಣಿಗೆಗೆ ಮೂರೂ ಕಾರಣಗಳುಂಟು. 2007ರಲ್ಲಿ ಒಂದೇ ಸಲಕ್ಕೆ 110 ಹಳ್ಳಿಗಳು ಆ ನಗರಾಡಳಿತಕ್ಕೆ ಸೇರಿದವು. ಆ ಊರಿನ ಕುಡಿಯುವ ನೀರು ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯಿಂದ ಮೇಲೇರಿ ಬರಬೇಕಾಗಿದೆ.

ಹಳ್ಳಿಗರು ಊರು ಬಿಡುವುದೇಕೆ? 1951ರಲ್ಲಿ 36 ಕೋಟಿಯಿದ್ದ ಭಾರತೀಯರು 2011ರಲ್ಲಿ 121 ಕೋಟಿಯಾದರು; ಭೂಮಿಯಾದರೋ ಬೆಳೆಯಲಿಲ್ಲ. ಎಂಟು ಎಕರೆಯ ರೈತನಿಗೆ ನಾಲ್ವರು ಮಕ್ಕಳಿದ್ದರೆ ತಲೆಗೆ ಎರಡು ಎಕರೆ. ಅವರಿಗೂ ಇಬ್ಬಿಬ್ಬರಿದ್ದರೆ ಮೊಮ್ಮಕ್ಕಳ ಪಾಲಿಗೆ ನಾಲ್ವತ್ತು ಗುಂಟೆ ಮಾತ್ರ. ಈ ಸರಳ ಲೆಕ್ಕವೇ ಜನರನ್ನು ಹಾದಿಗೆ ಹಚ್ಚುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಈ ಹಾದಿ ಹಳೆಯದು. 1956ರವರೆಗೆ ಇದು ಮುಂಬಯಿ ರಾಜ್ಯದಲ್ಲಿದ್ದುದರಿಂದ ದುಡಿಮೆಗಾಗಿ ಆ ನಗರದತ್ತ ನೋಡುವುದು ಸಹಜವಾಗಿತ್ತು. ಸಮೀಪದ ಇಚಲಕರಂಜಿಯ ಮಗ್ಗಗಳೂ ಕೈಬೀಸಿ ಕರೆದವು. ಆದರೆ ಈ ಸೀಮೆಯೂ ದುಡಿಮೆಯನ್ನು ಒದಗಿಸಿದೆ. ನಿಪ್ಪಾಣಿಯ ತಂಬಾಕು ಪೇಟೆ, ಅಥಣಿಯ ಚರ್ಮದ ಚಪ್ಪಲಿ, 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರಖಾನೆಗಳು ಇದಕ್ಕೆ ಸಾಕ್ಷಿ. ಕಬ್ಬು ಕಡಿಯಲು ಮರಾಠವಾಡಾದ ಕುಟುಂಬಗಳು ಇಲ್ಲಿಗೇ ಬರುತ್ತವೆ. ಹೋಗುವವರ ನಾಡು ಬರುವವರ ನಾಡೂ ಆಗಿದೆ; ಬಂದವರ ಮಕ್ಕಳ ಶಾಲೆಯ ಚಿಂತೆ ಈ ನಾಡಿಗೂ ಸೇರಿದ್ದು.

2011ರ ಗಣತಿಯಲ್ಲಿ ನಿಪ್ಪಾಣಿಯಲ್ಲಿ 62 ಸಾವಿರಕ್ಕೂ ಅಥಣಿಯಲ್ಲಿ 47 ಸಾವಿರಕ್ಕೂ ಮಿಕ್ಕಿ ಜನರಿದ್ದರು. ಜಿಲ್ಲೆಯ ನಗರವಾಸಿಗಳು ಕೇವಲ ಶೇ. 25, ರಾಜ್ಯದಲ್ಲಿ ಶೇ. 38ಕ್ಕೂ ಹೆಚ್ಚು. ಎಂದರೆ, ಇಲ್ಲಿಯ ಪಟ್ಟಣಗಳು ಇನ್ನೂ ಬೆಳೆಯಲಿವೆ. ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ ಮಕ್ಕಳ ಸಂಖ್ಯೆಯು 2019–21ರ ಸಮೀಕ್ಷೆಯಂತೆ 1.7ಕ್ಕೆ ಇಳಿದಿದೆ. ಆದ್ದರಿಂದ ಮುಂದಿನ ಪ್ರಶ್ನೆ ಜನರೆಷ್ಟು ಎಂಬುದಕ್ಕಿಂತ ಅವರು ಎಲ್ಲಿ, ಹೇಗೆ ಬಾಳುವರು ಎಂಬುದು. ಬಡಾವಣೆಗೆ ಮುಂಚೆ ಚರಂಡಿ, ಮನೆಗೆ ಮುಂಚೆ ನೀರು ಎಂಬ ವಿವೇಕವನ್ನು ಈ ಸಣ್ಣ ಪಟ್ಟಣಗಳು ಇಂದೇ ಕಲಿತರೆ ಮಹಾನಗರದ ಸಂಕಟ ಇಲ್ಲಿ ಮರುಕಳಿಸದು.

ಶಿಕ್ಷಕರು ತಮ್ಮೂರಿನ ಗಣತಿಯ ಅಂಕಿಗಳನ್ನೇ ಮಕ್ಕಳ ಗಣಿತದ ಪಾಠವಾಗಿಸಬಹುದು. ದೂರದ ನಗರಗಳಲ್ಲಿ ನೆಲೆ ಕಂಡ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಹುಟ್ಟೂರಿನಲ್ಲಿ ಒಂದು ಕಸುಬಿನ ತರಬೇತಿಗೆ ನೆರವಾದರೆ, ಊರು ಬಿಡುವುದು ಅನಿವಾರ್ಯವಾಗದೆ ಆಯ್ಕೆಯಾದೀತು.